ಮದ್ದಿನ ಮಾರ್ಪಾಟು: ಒಂದು ಪ್ರಚಲಿತ ಕಥನದ ವಿಮರ್ಶೆ

೧

ಪೆನಿಸಿಲಿನ್ ಮೊದಲಾದ ಪ್ರತಿಜೀವಕ ಔಷಧಗಳ ಚರಿತ್ರೆಯನ್ನು ಪಠ್ಯಪುಸ್ತಕಗಳೂ ಜನಪ್ರಿಯ ವಿಜ್ಞಾನ ಗ್ರಂಥಗಳೂ ಸಾಮಾನ್ಯವಾಗಿ ಮೂರು ಅಂಕಗಳ ನಾಟಕದಂತೆ ನಿರೂಪಿಸುತ್ತವೆ. ಮೊದಲನೆಯ ಅಂಕದಲ್ಲಿ ಮನುಷ್ಯನು ಒಂದು ಮದ್ದನ್ನು ಕಂಡುಹಿಡಿಯುತ್ತಾನೆ; ಎರಡನೆಯದರಲ್ಲಿ ರೋಗಾಣುಗಳು ಆ ಮದ್ದನ್ನು ಎದುರಿಸಲು ಕಲಿಯುತ್ತವೆ; ಮೂರನೆಯದರಲ್ಲಿ ರಸಾಯನಶಾಸ್ತ್ರಜ್ಞನು ಹಳೆಯ ಮದ್ದಿನ ಅಣುರಚನೆಯನ್ನು ಕೊಂಚ ಮಾರ್ಪಡಿಸಿ ರೋಗಾಣುಗಳನ್ನು ಮತ್ತೆ ಸೋಲಿಸುತ್ತಾನೆ. ಅನಂತರ ಎರಡನೆಯ ಮತ್ತು ಮೂರನೆಯ ಅಂಕಗಳು ಪುನರಾವರ್ತನೆಗೊಳ್ಳುತ್ತವೆ. ಈ ಕಥನವು ನೆನಪಿಡಲು ಸುಲಭವಾದುದು. ಪರೀಕ್ಷೆಯ ಉತ್ತರಪತ್ರಿಕೆಗಂತೂ ಹೇಳಿ ಮಾಡಿಸಿದಂತಿದೆ. ಆದರೆ ಮೂಲದಾಖಲೆಗಳನ್ನು ಅವುಗಳ ಕಾಲಾನುಕ್ರಮದಲ್ಲಿ ಜೋಡಿಸಿಟ್ಟು ನೋಡಿದಾಗ ಇದು ನಿಲ್ಲುವುದಿಲ್ಲ ಎಂಬುದೇ ಪ್ರಸ್ತುತ ಲೇಖನದ ವಾದ.

ಇತಿಹಾಸದ ಅಧ್ಯಾಪಕನಿಗೆ ಔಷಧರಸಾಯನದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ವಿಜ್ಞಾನದ ಇತಿಹಾಸವೆಂಬ ವಿಷಯವನ್ನು ಪದವಿ ತರಗತಿಗೆ ಬೋಧಿಸುತ್ತ ನಾನೂ ಕೆಲವು ವರ್ಷ ಈ ಮೂರಂಕದ ಕಥೆಯನ್ನೇ ಹೇಳುತ್ತಿದ್ದೆ. ೧೯೬೦ರಲ್ಲಿ ಮೆಥಿಸಿಲಿನ್ ಎಂಬ ಮಾರ್ಪಡಿಸಿದ ಪೆನಿಸಿಲಿನ್ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದುದನ್ನೂ, ಅದನ್ನು ಲೆಕ್ಕಿಸದ ರೋಗಾಣು ಒಂದು ವರ್ಷ ತುಂಬುವ ಮೊದಲೇ ಕಾಣಿಸಿಕೊಂಡುದನ್ನೂ ಹೇಳಿ, ರೋಗಾಣುಗಳು ಎಷ್ಟು ಬೇಗ ಕಲಿಯುತ್ತವೆ ನೋಡಿ ಎಂದು ಮುಗಿಸುತ್ತಿದ್ದೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಹೊಸ ಮದ್ದನ್ನು ಸರಿಯಾಗಿ ನೋಡಿಯೇ ಇರದ ರೋಗಾಣು ಅದನ್ನು ಎದುರಿಸಲು ಕಲಿತದ್ದು ಯಾವಾಗ?" ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಂತೆ, ತಪ್ಪಿದ್ದುದು ಒಂದು ತಾರೀಖಿನಲ್ಲಲ್ಲ, ಕಥನದ ಚೌಕಟ್ಟಿನಲ್ಲಿಯೇ ಎಂಬುದು ನನಗೆ ವಿದಿತವಾಯಿತು.

೨

ಮೊದಲು ೧೯೪೦ನೆಯ ವರ್ಷವನ್ನು ತೆಗೆದುಕೊಳ್ಳೋಣ. ಅಲೆಕ್ಸಾಂಡರ್ ಫ್ಲೆಮಿಂಗನು ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ೧೯೨೮ರಲ್ಲಿ ಪೆನಿಸಿಲಿಯಂ ಬೂಷ್ಟಿನ ಗುಣವನ್ನು ಗಮನಿಸಿ ಮರುವರ್ಷ ಅದನ್ನು ಪ್ರಕಟಿಸಿದ್ದನು. ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್ ಮತ್ತು ಅವರ ಸಹೋದ್ಯೋಗಿಗಳು ಆ ಬೂಷ್ಟಿನ ಸಾರವನ್ನು ಶುದ್ಧೀಕರಿಸಿ, ಇಲಿಗಳ ಮೇಲೆ ಪ್ರಯೋಗಿಸಿ, ೧೯೪೦ರ ಆಗಸ್ಟಿನಲ್ಲಿ ಅದರ ಫಲಿತಾಂಶವನ್ನು ಮುದ್ರಿಸಿದರು. ಆಕ್ಸ್‌ಫರ್ಡಿನ ಈ ಮದ್ದಿನಿಂದ ಸೋಂಕಿಗೆ ಚಿಕಿತ್ಸೆ ಪಡೆದ ಮೊದಲ ರೋಗಿಯಾದ ಪೊಲೀಸಿನವನಿಗೆ ಅದು ಆರಂಭವಾದುದು ೧೯೪೧ರ ಫೆಬ್ರವರಿಯಲ್ಲಿ. ಈ ಎರಡು ತಾರೀಖುಗಳ ನಡುವೆ, ೧೯೪೦ರ ಡಿಸೆಂಬರಿನಲ್ಲಿ, ಏಬ್ರಹಾಂ ಮತ್ತು ಚೈನ್ ಇವರು 'ನೇಚರ್' ಪತ್ರಿಕೆಗೆ ಬರೆದ ಒಂದು ಪುಟ್ಟ ಪತ್ರ ಪ್ರಕಟವಾಯಿತು. ಕೋಲೈ ಬ್ಯಾಕ್ಟೀರಿಯದ ಸಾರದಲ್ಲಿ ಪೆನಿಸಿಲಿನ್ನನ್ನು ನಾಶಪಡಿಸುವ ಕಿಣ್ವವೊಂದು ಇದೆ ಎಂಬುದು ಆ ಪತ್ರದ ತಿರುಳು. ಅದಕ್ಕೆ ಅವರು ಪೆನಿಸಿಲಿನೇಸ್ ಎಂದು ಹೆಸರಿಟ್ಟರು.

ಅಂದರೆ, ಆಕ್ಸ್‌ಫರ್ಡಿನ ಮದ್ದು ಒಬ್ಬ ರೋಗಿಯ ಮೈಗೂ ಇಳಿಯುವ ಮುನ್ನವೇ ಅದನ್ನು ಮುರಿಯುವ ಉಪಕರಣ ಸೂಕ್ಷ್ಮಾಣುಗಳಲ್ಲಿ ಇದ್ದಿತು. ಇದ್ದುದು ಮಾತ್ರವಲ್ಲ, ಅದು ಮುದ್ರಣದಲ್ಲಿ ದಾಖಲೂ ಆಗಿತ್ತು. ನಾಟಕದ ಎರಡನೆಯ ಅಂಕವೆಂದು ನಾವು ಹೇಳುವುದು ಮೊದಲನೆಯ ಅಂಕಕ್ಕಿಂತ ಹಿಂದೆಯೇ ರಂಗದ ಮೇಲಿತ್ತು. ಈ ಹಿಂದು ಎಷ್ಟು ದೂರದ್ದೆಂಬುದನ್ನು ಈಚಿನ ಸಂಶೋಧನೆ ತೋರಿಸಿಕೊಟ್ಟಿದೆ. ಕೆನಡಾದ ಯೂಕಾನ್ ಪ್ರಾಂತದಲ್ಲಿ ೩೦,೦೦೦ ವರ್ಷಗಳಿಂದ ಹೆಪ್ಪುಗಟ್ಟಿ ನಿಂತ ಮಣ್ಣಿನಿಂದ ತೆಗೆದ ಡಿ.ಎನ್.ಎ.ಯಲ್ಲಿ ಪೆನಿಸಿಲಿನ್ ಬಳಗ, ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್ ಬಳಗ ಇವುಗಳನ್ನು ಎದುರಿಸುವ ಜೀನುಗಳು ದೊರೆತವೆಂದು ೨೦೧೧ರಲ್ಲಿ ವರದಿಯಾಯಿತು. ಇದರಲ್ಲಿ ಆಶ್ಚರ್ಯಪಡಬೇಕಾದುದೂ ಇಲ್ಲ. ಬೂಷ್ಟುಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಈ ವಸ್ತುಗಳನ್ನು ಮನುಷ್ಯನಿಗಾಗಿ ತಯಾರಿಸಲಿಲ್ಲ. ಆಯುಧವಿದ್ದಲ್ಲಿ ಗುರಾಣಿಯೂ ಅಷ್ಟೇ ಹಳೆಯದಾಗಿರುವುದು ಸಹಜ.

೩

ಪ್ರಚಲಿತ ಕಥನಕ್ಕೆ ಪ್ರಮಾಣವೆಂದು ಸಾಮಾನ್ಯವಾಗಿ ಮುಂದಿಡುವುದು ಫ್ಲೆಮಿಂಗನು ೧೯೪೫ರ ಡಿಸೆಂಬರ್ ೧೧ರಂದು ಮಾಡಿದ ನೊಬೆಲ್ ಭಾಷಣವನ್ನು. ಅದರ ಕೊನೆಯಲ್ಲಿ ಅವನು ಒಂದು ಕಲ್ಪಿತ ಪ್ರಸಂಗವನ್ನು ಹೇಳುತ್ತಾನೆ. ಗಂಟಲುನೋವಿನಿಂದ ಬಳಲುವ ಗೃಹಸ್ಥನೊಬ್ಬನು ಅಂಗಡಿಯಿಂದ ಪೆನಿಸಿಲಿನ್ ಕೊಂಡು ಸಾಲದಷ್ಟು ಪ್ರಮಾಣದಲ್ಲಿ ಸೇವಿಸುತ್ತಾನೆ. ಅವನ ಗಂಟಲಿನ ಸ್ಟ್ರೆಪ್ಟೊಕಾಕಸ್ ಸಾಯದೆ ಮದ್ದನ್ನು ತಾಳಲು ಪಾಠ ಕಲಿಯುತ್ತದೆ. ಅದು ಅವನ ಹೆಂಡತಿಗೆ ತಗುಲಿ, ಆಕೆಗೆ ನ್ಯುಮೋನಿಯವಾಗಿ, ಮದ್ದು ನಾಟದೆ ಆಕೆ ಸಾಯುತ್ತಾಳೆ. ಪೆನಿಸಿಲಿನ್ ಬಳಸುವುದಾದರೆ ಸಾಕಷ್ಟು ಬಳಸಿರಿ ಎಂಬುದು ಅವನು ಹೇಳಿದ ನೀತಿ.

ಈ ಭಾಷಣವನ್ನು ಭವಿಷ್ಯವಾಣಿಯೆಂದು ಗೌರವಿಸುವವರು ಬಹುಮಂದಿ. ಎಚ್ಚರಿಕೆಯ ಮಾತು ಅಷ್ಟು ಬೇಗ ಬಂದುದು ದೊಡ್ಡದೇ. ಮದ್ದು ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಕ್ಕುವ ಕಾಲ ಬರುವುದೆಂದು ಅವನು ಕಂಡುಕೊಂಡುದೂ ನಿಜವಾಯಿತು. ಆದರೂ ಗೌರವವು ಪರಿಶೀಲನೆಗೆ ಅಡ್ಡಬರಬಾರದು. ಆ ಪ್ರಸಂಗದಲ್ಲಿ ಮೂರು ಅಂಶಗಳು ವಿಮರ್ಶಾರ್ಹವಾಗಿವೆ.

ಮೊದಲನೆಯದಾಗಿ, ಅವನು ಆರಿಸಿಕೊಂಡ ಜೀವಿಯೇ ಅವನ ಮಾತನ್ನು ನಡೆಸಿಕೊಡಲಿಲ್ಲ. ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸಿನಲ್ಲಿ ಪೆನಿಸಿಲಿನ್ನಿಗೆ ಪೂರ್ಣ ಪ್ರತಿರೋಧ ಪಡೆದ ತಳಿ, ಎಂಬತ್ತು ವರ್ಷಗಳ ಬಳಕೆಯ ಅನಂತರವೂ, ರೋಗಿಗಳಲ್ಲಿ ದೃಢಪಟ್ಟಿಲ್ಲ. ಸಂವೇದನೆ ಕೊಂಚ ತಗ್ಗಿದ ತಳಿಗಳು ಮಾತ್ರ ವರದಿಯಾಗಿವೆ. ಬಳಕೆಯೊಂದೇ ಪ್ರತಿರೋಧವನ್ನು ಹುಟ್ಟಿಸುವುದಾಗಿದ್ದರೆ ಈ ಜೀವಿ ಎಂದೋ ನಮ್ಮ ಕೈ ಮೀರಬೇಕಾಗಿತ್ತು. ಎರಡನೆಯದಾಗಿ, ಸೂಕ್ಷ್ಮಾಣು ಪಾಠ ಕಲಿಯುತ್ತದೆ ಎಂಬುದು ರೂಪಕವೇ ಹೊರತು ವಿವರಣೆಯಲ್ಲ. ಮದ್ದು ರೋಗಾಣುವಿಗೆ ಏನನ್ನೂ ಕಲಿಸುವುದಿಲ್ಲ; ಮೊದಲೇ ಗುರಾಣಿಯುಳ್ಳವುಗಳನ್ನು ಉಳಿಸಿ ಇಲ್ಲದವುಗಳನ್ನು ಕೊಲ್ಲುತ್ತದೆ. ಬತ್ತದ ಗದ್ದೆಯಲ್ಲಿ ಕಳೆ ಕೀಳುವವನು ಬತ್ತವನ್ನು ಸೃಷ್ಟಿಸುವುದಿಲ್ಲ. ಆದರೆ ಅವನಿಂದಲೇ ಗದ್ದೆಯೆಲ್ಲ ಬತ್ತವಾಗುತ್ತದೆ. ಮೂರನೆಯದಾಗಿ, ದೋಷವೆಲ್ಲವೂ ಅರಿವಿಲ್ಲದ ಗೃಹಸ್ಥನದೆಂದು ಆ ಕಥೆ ಹೇಳುತ್ತದೆ. ವಾಸ್ತವದಲ್ಲಿ ಮೊದಲ ದೊಡ್ಡ ಹರಡಿಕೆ ನಡೆದುದು ಮನೆಯಲ್ಲಲ್ಲ, ವೈದ್ಯರ ಕಣ್ಣೆದುರಿಗೆ, ಆಸ್ಪತ್ರೆಗಳಲ್ಲಿ.

ಇದಕ್ಕೆ ಸಾಕ್ಷ್ಯ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಮೇರಿ ಬಾರ್ಬರ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿಯ ಲೆಕ್ಕ. ಗಾಯಗಳಲ್ಲಿ ಕೀವು ತರುವ ಸ್ಟೆಫಿಲೊಕಾಕಸ್ ತಳಿಗಳಲ್ಲಿ ಪೆನಿಸಿಲಿನ್ನನ್ನು ಎದುರಿಸುವವು ೧೯೪೬ರಲ್ಲಿ ಸುಮಾರು ಶೇಕಡ ೧೪ ಇದ್ದುದು ೧೯೪೭ರಲ್ಲಿ ೩೮ಕ್ಕೂ ೧೯೪೮ರಲ್ಲಿ ೫೯ಕ್ಕೂ ಏರಿದುವು. ಒಬ್ಬೊಬ್ಬ ರೋಗಿಯಲ್ಲಿಯೂ ರೋಗಾಣು ಹೊಸದಾಗಿ ಬದಲಾಗುತ್ತಿರಲಿಲ್ಲ. ಪೆನಿಸಿಲಿನೇಸ್ ತಯಾರಿಸಬಲ್ಲ ತಳಿಗಳು ಹಾಸಿಗೆಯಿಂದ ಹಾಸಿಗೆಗೆ ಹರಡುತ್ತಿದ್ದುವು ಎಂಬುದನ್ನು ಬಾರ್ಬರ್ ತೋರಿಸಿದರು. ಫ್ಲೆಮಿಂಗನ ಭಾಷಣವನ್ನು ಉದ್ಧರಿಸುವ ಗ್ರಂಥಗಳಲ್ಲಿ ಈ ಲೆಕ್ಕಕ್ಕೆ ದೊರೆಯುವ ಸ್ಥಳ ಬಹಳ ಕಡಮೆ. ನೀತಿಕಥೆಯೊಂದು ಅಂಕಿಅಂಶಗಳನ್ನು ಹಿಂದಕ್ಕೆ ತಳ್ಳಿದುದಕ್ಕೆ ಇದು ಒಳ್ಳೆಯ ನಿದರ್ಶನ.

೪

ಇನ್ನು ಮಾರ್ಪಾಟಿನ ವಿಚಾರಕ್ಕೆ ಬರೋಣ. ನಿಸರ್ಗದಲ್ಲಿ ದೊರೆತ ಪ್ರತಿಜೀವಕವನ್ನು ರಾಸಾಯನಿಕವಾಗಿ ಬದಲಿಸಿದರೆ ಅದರ ಗುಣ ಕೆಡುವುದೆಂಬುದೇ ಮೊದಲಲ್ಲಿ ಪ್ರಚಲಿತವಾಗಿದ್ದ ಅಭಿಪ್ರಾಯ. ಅದನ್ನು ಮುರಿದವನು ಅಮೆರಿಕದ ಫೈಜರ್ ಸಂಸ್ಥೆಯ ಲಾಯ್ಡ್ ಕಾನೊವರ್. ಆಂಧ್ರದಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರು ಸಂಶೋಧನೆಯನ್ನು ನಿರ್ದೇಶಿಸುತ್ತಿದ್ದ ಲೆಡರ್ಲೆ ಪ್ರಯೋಗಾಲಯದಿಂದ ೧೯೪೮ರಲ್ಲಿ ಆರಿಯೊಮೈಸಿನ್ ಹೊರಬಂದಿತ್ತು. ಕಾನೊವರನು ೧೯೫೨ರ ಸುಮಾರಿನಲ್ಲಿ ಅದರ ಅಣುವಿನಿಂದ ಕ್ಲೋರಿನ್ ಪರಮಾಣುವನ್ನು ತೆಗೆದುಹಾಕಿ ಟೆಟ್ರಾಸೈಕ್ಲಿನ್ನನ್ನು ಪಡೆದನು. ಮಾರ್ಪಡಿಸಿದ ಮದ್ದು ಮೂಲಕ್ಕಿಂತ ಮೇಲಾಗಿರಬಹುದೆಂಬುದು ಅಂದಿನಿಂದ ಸಿದ್ಧವಾಯಿತು.

ಪೆನಿಸಿಲಿನ್ನಿನಲ್ಲಿ ಇದು ಸಾಧ್ಯವಾಗಬೇಕಾದರೆ ಅಣುವಿನ ನಡುಭಾಗವು ಬೇರೆಯಾಗಿ ಕೈಗೆ ಸಿಗಬೇಕಾಗಿತ್ತು. ಆ ನಡುಭಾಗದಲ್ಲಿ ನಾಲ್ಕು ಪರಮಾಣುಗಳ ಒಂದು ಚೌಕದ ಉಂಗುರವಿದೆಯೆಂಬುದನ್ನು ಡೊರೊಥಿ ಹಾಡ್ಜ್‌ಕಿನ್ ೧೯೪೫ರಲ್ಲಿ ಎಕ್ಸ್‌ಕಿರಣಗಳಿಂದ ನಿರ್ಧರಿಸಿದ್ದರು. ಮದ್ದಿನ ಶಕ್ತಿಯೂ ಅದರಲ್ಲಿದೆ, ಪೆನಿಸಿಲಿನೇಸ್ ಕಿಣ್ವ ಒಡೆಯುವುದೂ ಅದನ್ನೇ. ಇಂಗ್ಲೆಂಡಿನ ಸರ್ರೆಯಲ್ಲಿದ್ದ ಬೀಚಮ್ ಪ್ರಯೋಗಾಲಯದವರು ಈ ನಡುಭಾಗವನ್ನು ೧೯೫೭ರಲ್ಲಿ ಬೇರ್ಪಡಿಸಿ ೧೯೫೯ರಲ್ಲಿ ಪ್ರಕಟಿಸಿದರು. ಇದನ್ನು ಒಂದು ಸಂಸ್ಥೆಯ ಏಕಾಂಗಿ ಸಾಧನೆಯೆಂದು ಬಣ್ಣಿಸುವುದೂ ರೂಢಿ. ಆದರೆ ಜಪಾನಿನ ಕಾಟೊ ೧೯೫೩ರಲ್ಲಿಯೇ ಅದನ್ನು ಪೆನಿಸಿಲಿನ್ ಬೀಜವೆಂದು ವಿವರಿಸಿದ್ದನು. ಅಮೆರಿಕದ ಜಾನ್ ಶೀಹನ್ ೧೯೫೭ರಲ್ಲಿ ಪೆನಿಸಿಲಿನ್ನನ್ನು ಪೂರ್ಣವಾಗಿ ಸಂಶ್ಲೇಷಿಸಿದ್ದನು. ಹಕ್ಕಿನ ವ್ಯಾಜ್ಯ ಅಮೆರಿಕದಲ್ಲಿ ೧೯೭೯ರವರೆಗೂ ನಡೆದು ಶೀಹನ್ನನ ಪರವಾಗಿ ತೀರ್ಮಾನವಾಯಿತು. ಬೀಚಮ್ಮಿನ ವಿಜ್ಞಾನಿಗಳು ಅದಕ್ಕೆ ಮುನ್ನ ರೋಮಿನಲ್ಲಿ ಚೈನನ ಪ್ರಯೋಗಾಲಯದಲ್ಲಿ ಅನುಭವ ಪಡೆದುಬಂದವರಾಗಿದ್ದರು. ಒಂದು ಹಂಡೆಯ ಕೆಳಗೆ ಹಲವರು ಸೌದೆ ಒಡ್ಡಿದ್ದರು.

ಆ ನಡುಭಾಗಕ್ಕೆ ಬೇರೆ ಬೇರೆ ಪಾರ್ಶ್ವಸರಪಳಿಗಳನ್ನು ಜೋಡಿಸಿ ನೋಡಿದಾಗ ಮೆಥಿಸಿಲಿನ್ ಹುಟ್ಟಿತು. ಅದರ ಪಕ್ಕದ ಗುಂಪು ದಪ್ಪವಾಗಿದ್ದು, ಸ್ಟೆಫಿಲೊಕಾಕಸಿನ ಕಿಣ್ವವು ಉಂಗುರದ ಬಳಿಗೆ ಬಾರದಂತೆ ತಡೆಯುತ್ತಿತ್ತು. ಎಣಿಕೆ ಸರಿಯಾಗಿತ್ತು, ಬಾರ್ಬರ್ ಎಣಿಸಿದಂಥ ತಳಿಗಳು ಈ ಮದ್ದಿಗೆ ಸೋತುವು. ಆದರೆ ೧೯೬೦ರ ಅಕ್ಟೋಬರಿನಲ್ಲಿ ಲಂಡನ್ನಿನ ಕಾಲಿಂಡೇಲಿನ ಪರೀಕ್ಷಾಲಯದಲ್ಲಿ ಪ್ಯಾಟ್ರಿಷಿಯಾ ಜೆವನ್ಸ್ ಎಂಬವರು ೫,೦೦೦ಕ್ಕೂ ಮಿಕ್ಕ ತಳಿಗಳನ್ನು ಪರೀಕ್ಷಿಸುತ್ತಿದ್ದಾಗ, ಒಂದೇ ಆಸ್ಪತ್ರೆಯಿಂದ ಬಂದ ಮೂರು ತಳಿಗಳು ಮೆಥಿಸಿಲಿನ್ನನ್ನೂ ಎದುರಿಸಿದುವು. ಮರುವರ್ಷದ ಜನವರಿಯಲ್ಲಿ ಅವರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಗೆ ಇದನ್ನು ತಿಳಿಸಿದರು.

ಈ ತಳಿಗಳು ಮದ್ದನ್ನು ಒಡೆಯುವ ಹೊಸ ಕಿಣ್ವವನ್ನೇನೂ ಪಡೆದಿರಲಿಲ್ಲ. ಪೆನಿಸಿಲಿನ್ ಕೆಲಸಮಾಡುವುದು ರೋಗಾಣುವಿನ ಭಿತ್ತಿ ಕಟ್ಟುವ ಪ್ರೋಟೀನಿಗೆ ಅಂಟಿಕೊಂಡು. ಈ ತಳಿಗಳು, ಮದ್ದು ಅಂಟದಂಥ ಇನ್ನೊಂದು ಪ್ರೋಟೀನಿನಿಂದ ಭಿತ್ತಿ ಕಟ್ಟಿಕೊಳ್ಳುತ್ತಿದ್ದುವು. ಬೀಗ ಒಡೆಯುವವನಿಗಾಗಿ ಬಲವಾದ ಬೀಗ ಮಾಡಿಸಿದಾಗ ಕಳ್ಳನು ಹಿತ್ತಿಲ ಬಾಗಿಲಿನಿಂದ ಬಂದಂತಾಯಿತು. ಹಾಗಾದರೆ ಈ ಗುಣ ಅವಕ್ಕೆ ಬಂದುದು ಎಂದು? ಹಳೆಯ ತಳಿಗಳನ್ನು ಕಾಪಿಟ್ಟಿದ್ದ ಸಂಗ್ರಹಗಳಿಂದ ೨೦೯ ಮಾದರಿಗಳನ್ನು ತೆಗೆದು ಅವುಗಳ ಜೀನುಗಳನ್ನು ಓದಿದ ಸಂಶೋಧಕರು ೨೦೧೭ರಲ್ಲಿ ಕೊಟ್ಟ ಉತ್ತರ ಇದು: ಆ ಜೀನು ಈ ತಳಿಗಳಿಗೆ ಸೇರಿದುದು ೧೯೪೦ರ ದಶಕದ ಮಧ್ಯಭಾಗದಲ್ಲಿ, ಮೆಥಿಸಿಲಿನ್ ಬರುವುದಕ್ಕೆ ಸುಮಾರು ೧೪ ವರ್ಷ ಮೊದಲು. ಹಳೆಯ ಪೆನಿಸಿಲಿನ್ನಿನ ಧಾರಾಳವಾದ ಬಳಕೆಯೇ ಅದನ್ನು ಆರಿಸಿ ಬೆಳೆಸಿತ್ತೆಂಬುದು ಅವರ ನಿರ್ಣಯ. ಇದರ ಒಂದು ಬಂಧುಜೀನು ಯುರೋಪಿನ ಹೆಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಗಳ ಚರ್ಮದಲ್ಲಿ, ಪೆನಿಸಿಲಿನ್‌ನಂಥ ವಸ್ತು ತಯಾರಿಸುವ ಬೂಷ್ಟಿನ ನೆರೆಯಲ್ಲಿ, ಹತ್ತೊಂಬತ್ತನೆಯ ಶತಮಾನದಿಂದಲೇ ಬೆಳೆದುಬಂದಿದೆಯೆಂದು ೨೦೨೨ರಲ್ಲಿ ತಿಳಿದುಬಂದಿತು.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಇದೇ ಉತ್ತರ. ರೋಗಾಣು ಮೆಥಿಸಿಲಿನ್ನನ್ನು ನೋಡಿ ಏನನ್ನೂ ಕಲಿಯಲಿಲ್ಲ. ಮಗನು ತಂದೆಯ ಸಾಲವನ್ನು ಹೊತ್ತು ಹುಟ್ಟುವಂತೆ, ಮಾರ್ಪಡಿಸಿದ ಮದ್ದು ಮೂಲದ ಮದ್ದಿನ ಸಾಲವನ್ನು ಹೊತ್ತೇ ಹುಟ್ಟಿತು.

೫

ಹಾಗೆಂದು ಮಾರ್ಪಾಟಿನ ಕೆಲಸ ವ್ಯರ್ಥವೆಂದು ಹೇಳಹೊರಟರೆ ಅದು ಇನ್ನೊಂದು ಕಡೆಯ ಅತಿರೇಕವಾದೀತು. ಆಂಪಿಸಿಲಿನ್ ೧೯೬೧ರಲ್ಲಿ ಬಂದು ಮೂಲ ಪೆನಿಸಿಲಿನ್ನಿಗೆ ಬಗ್ಗದ ಹಲವು ರೋಗಾಣುಗಳನ್ನು ಹತೋಟಿಗೆ ತಂದಿತು. ಸಾರ್ಡಿನಿಯದ ಚರಂಡಿಯ ನೀರಿನ ಬಳಿ ಬ್ರೊಟ್ಸು ೧೯೪೫ರಲ್ಲಿ ಪಡೆದ ಬೂಷ್ಟಿನಿಂದ ಸೆಫಲೊಸ್ಪೊರಿನ್ ಬಳಗವೇ ಬೆಳೆಯಿತು. ಅದರಲ್ಲಿ ೨೦೧೦ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಸೆಫ್ಟಾರೊಲಿನ್, ಜೆವನ್ಸ್ ಕಂಡಂಥ ತಳಿಗಳ ಆ ಹಿತ್ತಿಲ ಬಾಗಿಲಿನ ಪ್ರೋಟೀನಿಗೇ ಅಂಟಿಕೊಳ್ಳಬಲ್ಲುದು. ಇಲ್ಲಿ ಗಮನಿಸಬೇಕಾದುದೇನೆಂದರೆ, ಎದುರಾಳಿಯ ಉಪಾಯ ಯಾವುದೆಂದು ತಿಳಿದು ಮಾಡಿದ ಮಾರ್ಪಾಟು ಫಲಿಸಿದೆ. ತಿಳಿಯದೆ ಮಾಡಿದುದು ಅಲ್ಪಾಯುವಾಗಿದೆ.

ವ್ಯಾಂಕೊಮೈಸಿನ್ನಿನ ಕಥೆಯೂ ಇದನ್ನೇ ಹೇಳುತ್ತದೆ. ೧೯೫೮ರಲ್ಲಿ ಬಳಕೆಗೆ ಬಂದ ಈ ಮದ್ದಿಗೆ ಸುಮಾರು ಮೂವತ್ತು ವರ್ಷ ಎಂಟರೊಕಾಕಸ್ ಜೀವಿಗಳು ಮಣಿದಿದ್ದುವು. ೧೯೮೦ರ ದಶಕದ ಕೊನೆಯಲ್ಲಿ ಕಾಣಿಸಿಕೊಂಡ ತಳಿಗಳು ತಮ್ಮ ಭಿತ್ತಿಯ ತುದಿಯಲ್ಲಿದ್ದ ಒಂದು ಅಲನೀನಿನ ಬದಲು ಲ್ಯಾಕ್ಟೇಟನ್ನು ಇಟ್ಟುಕೊಂಡುವು. ಅಷ್ಟರಿಂದಲೇ ಮದ್ದಿನ ಹಿಡಿತ ಸುಮಾರು ಸಾವಿರ ಪಟ್ಟು ಸಡಿಲವಾಯಿತು. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಡೇಲ್ ಬೋಗರ್ ಮತ್ತು ಸಂಗಡಿಗರು ವ್ಯಾಂಕೊಮೈಸಿನ್ನಿನಲ್ಲಿ ಮೂರು ಬದಲಾವಣೆಗಳನ್ನು ಮಾಡಿ, ಮೂರು ಬೇರೆ ಬೇರೆ ರೀತಿಗಳಿಂದ ರೋಗಾಣುವನ್ನು ಕೊಲ್ಲುವ ರೂಪವೊಂದನ್ನು ೨೦೧೭ರಲ್ಲಿ ಪ್ರಕಟಿಸಿದರು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಜಯಂತ ಹಾಲ್ದಾರ್ ಅವರ ತಂಡವೂ, ರೋಗಾಣುವಿನ ಪೊರೆಯನ್ನೇ ಕಲಕುವಂತೆ ವ್ಯಾಂಕೊಮೈಸಿನ್ನನ್ನು ಮಾರ್ಪಡಿಸಿದುದನ್ನು ೨೦೧೪ರಲ್ಲಿ ವರದಿಮಾಡಿತು. ಒಂದು ಗುರಾಣಿಯಿಂದ ತಡೆಯಲಾರದಂತೆ ಎರಡು ಮೂರು ಕಡೆಗಳಿಂದ ಹೊಡೆಯಬೇಕೆಂಬ ಈ ವಿಚಾರ ಮೆಥಿಸಿಲಿನ್ನಿನ ಪಾಠವನ್ನು ಅರಗಿಸಿಕೊಂಡ ವಿಚಾರವೆನ್ನಬಹುದು. ಆದರೆ ಪ್ರಯೋಗಾಲಯದ ಫಲಿತಾಂಶವನ್ನು ಆಸ್ಪತ್ರೆಯ ಮದ್ದೆಂದು ವರ್ಣಿಸುವುದು ಪತ್ರಿಕೆಗಳ ಆತುರ. ಚರಿತ್ರಕಾರನು ಆ ಆತುರಕ್ಕೆ ಒಳಗಾಗಬಾರದು.

ಇನ್ನೊಂದು ಆಕ್ಷೇಪಕ್ಕೂ ಉತ್ತರ ಹೇಳಬೇಕು. ಪ್ರತಿರೋಧವು ಮದ್ದಿಗಿಂತ ಹಳೆಯದಾದರೆ ನಮ್ಮ ಬಳಕೆಯಲ್ಲಿ ತಪ್ಪೇನು ಎಂದು ಯಾರಾದರೂ ವಾದಿಸಬಹುದು. ಈ ವಾದ ನಿಲ್ಲತಕ್ಕುದಲ್ಲ. ಕಿಡಿ ಮೊದಲೇ ಇತ್ತೆಂಬುದು ಹುಲ್ಲಿನ ಬಣವೆಯನ್ನು ಅದರ ಪಕ್ಕಕ್ಕೆ ತಂದಿಟ್ಟವನನ್ನು ನಿರ್ದೋಷಿಯನ್ನಾಗಿ ಮಾಡುವುದಿಲ್ಲ. ಶೇಕಡ ೧೪ರಿಂದ ೫೯ಕ್ಕೆ ಏರಿದುದು ನಿಸರ್ಗದ ಕೆಲಸವಲ್ಲ. ವ್ಯಾಂಕೊಮೈಸಿನ್ನಿನ ಬಂಧುವಾದ ಅವೊಪಾರ್ಸಿನ್ನನ್ನು ಯುರೋಪಿನಲ್ಲಿ ದನ, ಹಂದಿ, ಕೋಳಿಗಳ ಮೇವಿಗೆ ಬೆರೆಸುತ್ತಿದ್ದುದು ಪ್ರತಿರೋಧಿ ತಳಿಗಳನ್ನು ಬೆಳೆಸಿತೆಂದು ಕಂಡುಬಂದು ಐರೋಪ್ಯ ಒಕ್ಕೂಟವು ೧೯೯೭ರಲ್ಲಿ ಅದನ್ನು ನಿಷೇಧಿಸಬೇಕಾಯಿತು. ಭಾರತದಲ್ಲಿ ೨೦೧೩ರಲ್ಲಿ ಪ್ರಕಟವಾಗಿ ೨೦೧೪ರ ಮಾರ್ಚಿನಲ್ಲಿ ಜಾರಿಗೆ ಬಂದ ಎಚ್-೧ ಅನುಸೂಚಿಯು, ಕೆಲವು ಪ್ರಬಲ ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದೂ ಮಾರಾಟದ ಲೆಕ್ಕವನ್ನು ಮೂರು ವರ್ಷ ಇಡಬೇಕೆಂದೂ ವಿಧಿಸಿದುದರ ಹಿಂದಿನ ತರ್ಕವೂ ಇದೇ. ಪ್ರತಿಜೀವಕಗಳನ್ನು ಎದುರಿಸುವ ಬ್ಯಾಕ್ಟೀರಿಯಗಳೇ ನೇರ ಕಾರಣವಾಗಿ ೨೦೧೯ರಲ್ಲಿ ಜಗತ್ತಿನಲ್ಲಿ ಸುಮಾರು ೧೨.೭ ಲಕ್ಷ ಜನ ಸತ್ತರೆಂದು ೨೦೨೨ರಲ್ಲಿ ಪ್ರಕಟವಾದ ಅಂದಾಜನ್ನು ನೆನೆದಾಗ, ಇದು ಬರಿಯ ಕಾಲಗಣನೆಯ ಚರ್ಚೆಯಲ್ಲವೆಂಬುದು ಸ್ಪಷ್ಟವಾಗುತ್ತದೆ.

ಮೂರಂಕದ ಕಥನದ ನಿಜವಾದ ದೋಷ ಇಲ್ಲಿದೆ. ಪ್ರತಿಯೊಂದು ಸೋಲಿನ ಮುಂದೆಯೂ ಒಂದು ಮಾರ್ಪಾಟಿನ ಗೆಲುವು ಕಾದಿದೆಯೆಂದು ಅದು ಭರವಸೆ ಕೊಡುತ್ತದೆ. ಆ ಭರವಸೆಯಿಂದ ಇಂದಿನ ಮದ್ದನ್ನು ಕಾಪಾಡಿಕೊಳ್ಳುವ ಹೊಣೆ ಹಗುರವಾಗುತ್ತದೆ. ದಾಖಲೆಗಳು ಹೇಳುವುದು ಬೇರೆ. ಹಳೆಯ ಮದ್ದನ್ನು ನಾವು ಹೇಗೆ ಬಳಸಿದೆವೆಂಬುದೇ, ಇನ್ನೂ ಹುಟ್ಟದ ಹೊಸ ಮದ್ದಿನ ಆಯುಸ್ಸನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆ. ಆದಕಾರಣ ಈ ವಿಷಯವನ್ನು ಬೋಧಿಸುವ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ೧೯೨೮, ೧೯೪೫, ೧೯೬೦ ಎಂದು ಕರಿಹಲಗೆಯ ಮೇಲೆ ಬರೆಯುವಾಗ ನಡುವೆ ೧೯೪೦ರ ಡಿಸೆಂಬರನ್ನೂ ಬರೆಯಿರಿ, ಫ್ಲೆಮಿಂಗನ ಹೆಸರಿನ ಪಕ್ಕದಲ್ಲಿ ಬಾರ್ಬರ್ ಮತ್ತು ಜೆವನ್ಸರ ಹೆಸರುಗಳನ್ನೂ ಬರೆಯಿರಿ. ಆ ವಿದ್ಯಾರ್ಥಿನಿಯ ತರಗತಿಗೆ ನಾನು ಮುಂದಿನ ವಾರ ಹೋಗಿ ಮಾಡಿದ ಮೊದಲ ಕೆಲಸವೂ ಅದೇ. ಹಿಂದಿನ ಪಾಠವನ್ನು ಹೊಡೆದುಹಾಕಿಕೊಳ್ಳಿರೆಂದು ಹೇಳಿ, ಟಿಪ್ಪಣಿಯನ್ನು ಹೊಸದಾಗಿ ಬರೆಸಿದೆ.